ಸಿದರಾಯನ ಕೈಗುಣ

ಖಾನಾಪುರದ ಸುತ್ತಲಿನ ಹಳ್ಳಿಗಳಲ್ಲಿ ಕುರಿ ಕುಂಟಿದರೂ, ಮನುಷ್ಯನಿಗೆ ಕಾಮಾಲೆಯಾದರೂ ಮೊದಲು ನೆನಪಾಗುತ್ತಿದ್ದವನು ಕುರಿಗಾರ ಸಿದರಾಯ. ಕುಡುಗೋಲಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ, ಮೈಲಾರಲಿಂಗನ ಭಂಡಾರದ ಅರಿಶಿನ ಹಚ್ಚಿ, ಚುಂಯ್ ಎನಿಸಿ ಬರೆ ಎಳೆದನೆಂದರೆ ಮುಗಿಯಿತು. ನೋವು ಹೋಯಿತೋ ಬಿಟ್ಟಿತೋ, ಮಂದಿ ಮಾತ್ರ ಕೈಗುಣ ದೊಡ್ಡದು ಎಂದು ಕೊಂಡಾಡುತ್ತಿದ್ದರು. ಅವನು ಯಾರಿಂದಲೂ ಬಿಡಿಕಾಸು ಮುಟ್ಟಿದವನಲ್ಲ. ಅವನಿಗೆ ಬೇಕಾದದ್ದು ಆ ಹೊಗಳಿಕೆ. ಅದೂ ಒಂದು ಚಟವೇ ನೋಡಿ, ದಿನಾ ಬೇಕೆನ್ನಿಸುತ್ತದೆ.

ಅವನ ಹೆಂಡತಿ ಭೀಮಕ್ಕನಿಗೆ ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಸೊಂಟದ ಎಲುಬಿಗೆ ಇಳಿಯಿತು. ಮಲಗಿದರೆ ಹೊರಳಲಾರಳು, ಕೂತರೆ ಏಳಲಾರಳು. ವಾಸಿಯಾಗುವ ಹಂತ ದಾಟಿದೆ, ಆದರೆ ಸೊಂಟಕ್ಕೆ ಒಂದು ಸಲ ಕರೆಂಟ್ ಕೊಟ್ಟರೆ ಇದ್ದಷ್ಟು ದಿನ ನೆಮ್ಮದಿಯಿಂದ ಮಲಗಿಯಾಳು ಎಂದು ಬೆಳಗಾವಿಯ ಆಸ್ಪತ್ರೆಯ ಡಾಕ್ಟರಬಾಯಿ ಹೇಳಿದರು. ಕರೆಂಟ್ ಅಂದರೆ ವಿಕಿರಣ. ನಮ್ಮ ಕಡೆ ಎಲ್ಲರೂ ಅದನ್ನು ಹಾಗೇ ಕರೆಯುವುದು.

"ಜಡ್ಡು ಹೋಗತೈತೇನ್ರಿ?" ಎಂದು ಸಿದರಾಯ ಕೇಳಿದ.

"ಇಲ್ಲ ಅಜ್ಜಾರ. ನೋವಷ್ಟ ಕಡಿಮಿ ಆಗತೈತಿ."

ನೋವಷ್ಟೇ ಅಂದರೆ ಅದು ತನ್ನ ಕಸುಬಲ್ಲವೇ? ಅಷ್ಟಕ್ಕೆ ಮನೆಯಷ್ಟು ದೊಡ್ಡ ಮಷೀನು ಏತಕ್ಕೆ? ಹೆಂಡತಿಯನ್ನು ವಾಪಸ್ ಕರೆತಂದ. ಸೊಸೆ ಪ್ರಮಿಳಾ ಬರೆ ಬೇಡವೆಂದು ಗೋಗರೆದರೆ ಗದರಿ ಹೊರಗೆ ಕಳಿಸಿದ. ಗಾಯದ ಮೇಲೆ ಬರೆ ಎಂಬ ಮಾತನ್ನು ಮಂದಿ ಬಾಯಲ್ಲಿ ಆಡುತ್ತಾರೆ, ಈ ಪುಣ್ಯಾತ್ಮ ಹೆಂಡತಿಯ ಸೊಂಟಕ್ಕೆ ಕೈಯಿಂದಲೇ ಎಳೆದು ತೋರಿಸಿದ.

ಮರುದಿನ ಹೇಗಿದೆಯೆಂದು ಕೇಳಿದ. "ಕಡಿಮಿ ಆಗೇತ್ರಿ" ಎಂದಳು ಭೀಮಕ್ಕ. ಸಾಕಲ್ಲ! ದೊಡ್ಡ ಡಾಕ್ಟರರಿಗೆ ಆಗದ್ದು ತನ್ನ ಕೈಯಿಂದ ಆಯಿತೆಂದು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಡಂಗುರ ಸಾರಿ ಬಂದ.

ವಾರ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಕುರಿ ಬಿಟ್ಟು ಮನೆಗೆ ಬಂದಾಗ, ಯಾರೂ ಇಲ್ಲವೆಂದುಕೊಂಡು ಭೀಮಕ್ಕ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ನರಳುತ್ತಿದ್ದಳು. ಅವನನ್ನು ಕಂಡದ್ದೇ ಅಂಚನ್ನು ಎಳೆದು ಬದಿಗಿಟ್ಟು ನಗಲು ನೋಡಿದಳು. ಸಿದರಾಯನಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆವತ್ತೇ ಬಾಡಿಗೆ ಗಾಡಿ ಹಿಡಿದು ಸೊಸೆಯೂ ಸೇರಿ ಮೂವರೂ ಬೆಳಗಾವಿಗೆ ಹೊರಟರು.

ಡಾಕ್ಟರಬಾಯಿ ಸೊಂಟದ ಬಟ್ಟೆ ಸರಿಸಿದರೆ ಬರೆ ಕೀವು ತುಂಬಿ ನಿಂತಿತ್ತು. ಇದನ್ನು ಯಾರು ಮಾಡಿದ್ದೆಂದು ಕೇಳಿದರು.

"ನಾನ್ರಿ" ಎಂದ ಸಿದರಾಯ.

ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಈ ಗಾಯ ಮಾಯದೆ ಕರೆಂಟ್ ಕೊಡಲು ಬರುವುದಿಲ್ಲ ಎಂದು ಹೇಳಿ, ಅಲ್ಲಿಯವರೆಗೆ ನೋವಿಗೆ ಗುಳಿಗೆ ಬರೆದುಕೊಟ್ಟರು. ಇರುವುದೇ ನಾಲ್ಕು ದಿನ, ಅದರಲ್ಲೂ ಇಷ್ಟನ್ನು ನಾನೇ ಕಸಿದುಕೊಂಡೆನಲ್ಲ ಎಂದು ಅವನು ಒಳಗೊಳಗೇ ಬೆಂದ. ಮರಳುವಾಗ ಟಿಳಕವಾಡಿಯ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಭೀಮಕ್ಕ ಹಿಡಿದದ್ದು ಅವನದೇ ತೋಳು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಆಮೇಲೆ ಕೊಟ್ಟ ಕರೆಂಟು ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಉರಿಯಿಲ್ಲ, ಸುಟ್ಟ ವಾಸನೆಯಿಲ್ಲ. ಕೆಲವು ದಿನಗಳಲ್ಲೇ ಭೀಮಕ್ಕ ಮಗ್ಗುಲಾಗಿ ಮಲಗಿ ಗೊರಕೆ ಹೊಡೆದಳು. ಸಿದರಾಯ ಅದನ್ನು ಕೇಳುತ್ತಾ ಹೊಸ್ತಿಲಲ್ಲಿ ಕೂತುಬಿಟ್ಟ. ಖುಷಿಗಿಂತ ನಾಚಿಕೆಯೇ ಹೆಚ್ಚಿತ್ತು.

ಅಂಥದೇ ಒಂದು ದಿನ ಪಕ್ಕದೂರಿನ ಬಾಳಪ್ಪ ಬೆನ್ನು ಹಿಡಿದುಕೊಂಡು ಬಂದ. ಬರೆ ಹಾಕಬೇಕಂತೆ. ದವಾಖಾನೆಗೆ ಹೋಗು ಎಂದ ಸಿದರಾಯ. ಭೀಮಕ್ಕನಿಗೆ ಗುಣವಾಯಿತೆಂದು ಚಹಾದಂಗಡಿಯಲ್ಲಿ ನೀವೇ ಹೇಳಿದ್ದಿರಲ್ಲ ಎಂದು ಬಾಳಪ್ಪ ಪಟ್ಟು ಹಿಡಿದ.

"ಅದು ಸುಳ್ಳೋ ಮಾರಾಯಾ. ನನ್ನ ಕೈಯಾಗ ಯಾವ ಗುಣಾನೂ ಇಲ್ಲ."

ಬಾಳಪ್ಪ ಮುಖ ಮುಖ ನೋಡಿ ಹೊರಟುಹೋದ. ಒಳಗಿನಿಂದ ಭೀಮಕ್ಕ ಕರೆದಳು. ಗಂಡ ನಾಲ್ಕು ಮಂದಿಯ ಎದುರು ಸಣ್ಣವನಾಗುವುದು ಅವಳಿಗೆ ಸಹಿಸದು.

"ಸುಳ್ಳ ಯಾಕಂದ್ರಿ? ಖರೇನ ಕಡಿಮಿ ಆಗಿತ್ತು. ನೀವು ಹಾಕಿದ ಬರೆ ಉರಿಯೊಳಗ ಎಲಬಿನ ನೋವು ಎರಡ ದಿನ ನೆನಪ ಬರಲಿಲ್ಲ."

ಅವಳು ಸಮಾಧಾನಕ್ಕೆಂದೇ ಹೇಳಿದ್ದಳು. ಸಿದರಾಯ ತಲೆಯೆತ್ತುವಷ್ಟರಲ್ಲಿ ಬರೆಯಿದ್ದ ಮಗ್ಗುಲಿಗೇ ಹೊರಳಿ ನಿದ್ದೆಹೋಗಿದ್ದಳು.