ಹುರುಳಿ ಹಾಸಿದ ರಸ್ತೆ

ಆಕಾಶದಿಂದ ತೆಗೆದ ಛಾಯಾಚಿತ್ರವೊಂದನ್ನು ಯಾರ ಕೈಗಾದರೂ ಕೊಟ್ಟು ನೋಡಿ. ಪಂಡಿತರಾಗಲಿ ಪಾಮರರಾಗಲಿ, ಅವರು ಮೊದಲು ಹುಡುಕುವುದು ತಮ್ಮ ಮನೆಯನ್ನೇ. ಹಾಸನದ ನಕ್ಷೆ ಕಚೇರಿಯಲ್ಲಿ ಅಂಥ ಚಿತ್ರಗಳ ರಾಶಿ ನನ್ನ ಮುಂದೆ ಬಂದು ಬಿದ್ದಾಗ ನಾನೂ ಹೊಳೆನರಸೀಪುರದ ಹಾಳೆಯನ್ನೇ ಎಳೆದುಕೊಂಡೆ. ಹೇಮಾವತಿ ಸಿಕ್ಕಿತು, ಸೇತುವೆ ಸಿಕ್ಕಿತು, ದೇವಸ್ಥಾನದ ಬೀದಿಯೂ ಸಿಕ್ಕಿತು. ನಮ್ಮ ಮನೆಯ ಹೆಂಚು ಮಾತ್ರ ಕಾಣಲಿಲ್ಲ. ಅಣ್ಣ ನನಗೊಂದು ಮಾತೂ ಹೇಳದೆ ಮನೆ ಕೆಡವಿಸಿಬಿಟ್ಟನೇ ಎಂಬ ಅನುಮಾನ ಹತ್ತಿ, ಊಟದ ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಓಡಿದೆ. ಅತ್ತಿಗೆ ಮನೆಯೊಳಗಿಂದಲೇ ಮಾತಾಡಿದ್ದರಿಂದ ಮನೆ ಇದೆಯೆಂದು ಖಚಿತವಾಯಿತು. ನನ್ನ ಸ್ವಭಾವದ ಪರಿಚಯ ನಿಮಗೆ ಇಷ್ಟರಲ್ಲೇ ಆಗಿರಬೇಕು.

ನಾನು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಭೂಗೋಳ ಹೇಳುವ ಮೇಷ್ಟರು. ಹೊಸ ಶತಮಾನ ಆಗಷ್ಟೇ ಕಣ್ಣು ಬಿಡುತ್ತಿದ್ದ ಆ ದಿನಗಳಲ್ಲಿ ರಜೆ ಬಂದರೆ ಹಾಸನಕ್ಕೆ ಹೋಗಿ ಕಂಪ್ಯೂಟರಿಗೆ ಪಾಠ ಹೇಳುತ್ತಿದ್ದೆ. ವಿಮಾನ ಬಹು ಎತ್ತರದಲ್ಲಿ ಹಾರಿ ತೆಗೆದ ಚಿತ್ರಗಳನ್ನು ಅದು ತಾನೇ ಓದಿ ನಕ್ಷೆ ಮಾಡಬೇಕು. ಓದು ಕಲಿಸುವುದು ನನ್ನ ಪಾಲಿನ ಕೆಲಸ. ಚಿತ್ರದ ಮೇಲೆ ಗೆರೆ ಎಳೆದು ಇದು ತೆಂಗಿನ ತೋಟ, ಇದು ಕೆರೆ, ಇದು ಡಾಂಬರು ರಸ್ತೆ ಎಂದು ಮಾದರಿಗಳನ್ನು ತೋರಿಸುತ್ತ ಹೋದರೆ, ಸಾಕಷ್ಟು ತೋರಿಸಿದ ಮೇಲೆ ಉಳಿದದ್ದನ್ನು ಅದೇ ಗುರುತಿಸುತ್ತದೆ. ಅದು ನುಗ್ಗೇಹಳ್ಳಿಯ ದೇವಸ್ಥಾನದ ಮಾಳಿಗೆಯನ್ನು ಬಂಡೆಯೆಂದಿತು. ಹೊಯ್ಸಳರು ಕೆತ್ತಿದ್ದೆಲ್ಲ ಗೋಡೆಯ ಮೇಲೆ, ಮಾಳಿಗೆಯ ಮೇಲಲ್ಲವಲ್ಲ ಎಂದು ಕ್ಷಮಿಸಿದೆ. ನನಗೆ ದಿಗಿಲು ಹುಟ್ಟಿಸಿದ್ದು ಅದರ ತಪ್ಪುಗಳಲ್ಲ, ಅದರ ಧೈರ್ಯ. ನನ್ನ ಹುಡುಗರಿಗೆ ಉತ್ತರ ಗೊತ್ತಿಲ್ಲದಿದ್ದರೆ ಪೆನ್ನು ಕಚ್ಚುತ್ತಾರೆ, ಸೂರು ನೋಡುತ್ತಾರೆ, ನನಗೆ ತಿಳಿಯುತ್ತದೆ. ಈ ಶಿಷ್ಯ ಮಾತ್ರ ಗೊತ್ತಿದ್ದುದನ್ನೂ ಗೊತ್ತಿಲ್ಲದ್ದನ್ನೂ ಒಂದೇ ಠೀವಿಯಲ್ಲಿ ಹೇಳಿ ಮುಗಿಸುತ್ತಿತ್ತು. ನಾನು ಏನನ್ನು ಕಲಿಸಲು ಮರೆತಿದ್ದೇನೆ ಎಂದು ಅದರಿಂದ ತಿಳಿಯುವ ದಾರಿಯೇ ಇರಲಿಲ್ಲ.

ಹೀಗಿರುವಾಗ ದಂಡಿಗನಹಳ್ಳಿ ಹೋಬಳಿಯ ನಕ್ಷೆ ಸಿದ್ಧವಾಗಿ ಬಂತು. ಅದರಲ್ಲಿ ನನ್ನ ವಿದ್ಯಾರ್ಥಿನಿ ಸವಿತಳ ಊರನ್ನು ಹುಡುಕಿದೆ. ಊರಿತ್ತು, ಊರಿಗೆ ಹೋಗುವ ರಸ್ತೆ ಮಾತ್ರ ಊರ ಹತ್ತಿರ ನಡುವೆ ಕಡಿದುಹೋಗಿ, ಅಷ್ಟುದ್ದಕ್ಕೂ ಹೊಲವೆಂದು ಬಣ್ಣ ತುಂಬಿತ್ತು. ನಿಮಗೆ ಇದು ನಗೆಪಾಟಲಾಗಿ ಕಾಣಬಹುದು. ಆದರೆ ಡಾಂಬರು ರಸ್ತೆಯಿದ್ದ ಊರಿಗಷ್ಟೇ ಬಸ್ಸು ಉಳಿಯುತ್ತದಂತೆ, ಅದನ್ನು ಈ ನಕ್ಷೆ ನೋಡಿಯೇ ತೀರ್ಮಾನಿಸುತ್ತಾರಂತೆ ಎಂಬ ಮಾತು ಕಚೇರಿಯಲ್ಲಿ ಓಡಾಡುತ್ತಿತ್ತು. ಸವಿತಳ ತಾಯಿ ಮಗಳನ್ನು ಕಾಲೇಜಿಗೆ ಕಳಿಸಲು ಒಪ್ಪಿದ್ದೇ ಬಸ್ಸು ಮನೆ ಮುಂದೆ ಹತ್ತಿಸಿಕೊಂಡು ಮನೆ ಮುಂದೆಯೇ ಇಳಿಸುತ್ತದೆಂಬ ಒಂದೇ ಕಾರಣಕ್ಕೆ. ಬಸ್ಸು ನಿಂತರೆ ಆ ಹುಡುಗಿಯ ಓದು ನಿಂತಂತೆ. ಕಚೇರಿಯ ಎಂಜಿನಿಯರ್ ರಘುವಿಗೆ ಹೇಳಿ ತಿದ್ದಿಸುವುದು ವಿವೇಕಿಯ ಮಾರ್ಗ; ನಾನು ಯಾರಿಗೂ ಹೇಳದೆ ಭಾನುವಾರ ಅದೇ ಬಸ್ಸು ಹತ್ತಿದೆ.

ಊರು ಇನ್ನೇನು ಬಂತೆನ್ನುವಾಗ ಚಕ್ರದಡಿಯ ಸದ್ದು ಬದಲಾಗಿ ಚರಚರ ಎನ್ನತೊಡಗಿತು. ಇಣುಕಿದರೆ ರಸ್ತೆಯ ಉದ್ದಕ್ಕೂ ಕಿತ್ತು ತಂದ ಹುರುಳಿ ಹಾಸಿತ್ತು. ಸುಗ್ಗಿಯಲ್ಲಿ ನಮ್ಮ ಕಡೆ ಒಕ್ಕಣೆಗೆ ಕಣವೇ ಬೇಕಿಲ್ಲವಷ್ಟೆ. ಡಾಂಬರಿನ ಮೇಲೆ ಹರಡಿದರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ವಿಮಾನ ಹಾರಿದ ದಿನವೂ ಹೀಗೇ ಹಾಸಿದ್ದಿರಬೇಕು. ವರ್ಷ ವರ್ಷ ಇದರ ಮೇಲೇ ಓಡಾಡಿದ ನಾನು ಆ ಕಂಪ್ಯೂಟರಿಗೆ ಕಪ್ಪು ರಸ್ತೆಗಳನ್ನಷ್ಟೇ ತೋರಿಸಿದ್ದೆ.

ಅಲ್ಲಿಗೆ ಸಮಾಧಾನಪಟ್ಟು ಮರಳಿ ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಬಸ್ಸಿಳಿದು ನೋಡಿದರೆ, ಹುರುಳಿ ತಿರುವಿ ಹಾಕುತ್ತಿದ್ದವರು ಸವಿತಳ ತಂದೆ ಮಂಜೇಗೌಡರೇ ಆಗಿದ್ದರು. ಮನಸ್ಸಿನಲ್ಲಿದ್ದುದನ್ನೆಲ್ಲ ಅವರ ಮುಂದೆ ಸುರಿದುಬಿಟ್ಟೆ; ವಿಮಾನ, ಕಂಪ್ಯೂಟರು, ಕಡಿದ ರಸ್ತೆ, ನಿಲ್ಲಬಹುದಾದ ಬಸ್ಸು. ಅವರು ಕೇಸು ಹಾಕಲು ಬಂದವನನ್ನು ನೋಡುವಂತೆ ನನ್ನನ್ನು ನೋಡಿ, ಹುರುಳಿಯನ್ನೆಲ್ಲ ಗಡಿಬಿಡಿಯಲ್ಲಿ ಪಕ್ಕಕ್ಕೆ ಎಳೆಯತೊಡಗಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ರಸ್ತೆ ಬದಿಯ ಮನೆಯ ಹೊಸಿಲಲ್ಲಿ ನಿಂತಿದ್ದ ಅವರ ಹೆಂಡತಿ ಜಯಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದರು.

ಮಾರನೆಯ ದಿನ ಸವಿತ ತರಗತಿಗೆ ಬರಲಿಲ್ಲ. ಅದರ ಮರುದಿನ ಬಂದವಳು ನೇರ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ನಕ್ಷೇಲಿ ರಸ್ತೆ ಇಲ್ಲ ಅಂತ ನಮಗ್ ಗೊತ್ತೂ ಆಗ್ತಿರ್ನಿಲ್ಲ ಸಾ. ನೀವ್ ಬಂದ್ ಏಳುದ್ರಿ. ಈಗ ಅವ್ವ, ಅರ್ಧಕ್ ನಿಲ್ಸಾದ್ಕಿಂತ ಈಗ್ಲೇ ನಿಲ್ಸಿ ಗಂಡು ನೋಡಾವ ಅಂತ ಕುಂತವ್ಳೆ.”

ಕಂಪ್ಯೂಟರು ಮಾಡದ ಅನಾಹುತವನ್ನು ನನ್ನ ಕಾಳಜಿ ಮಾಡಿತ್ತು. ರಜೆ ಹಾಕಿ ಹಾಸನಕ್ಕೆ ಓಡಿ, ಹುರುಳಿ ಹಾಸಿದ ರಸ್ತೆಗಳನ್ನು ಹುಡುಹುಡುಕಿ ಗೆರೆ ಎಳೆದು ಇವೂ ರಸ್ತೆಯೇ ಎಂದು ಕಲಿಸಿದೆ. ಶಿಷ್ಯ ಎಷ್ಟು ಚೆನ್ನಾಗಿ ಕಲಿತನೆಂದರೆ, ಮಲ್ಲಿಪಟ್ಟಣದ ಕಡೆ ಇದ್ದಬದ್ದ ಕಣಗಳನ್ನೂ ಮೆದೆಗಳನ್ನೂ ಸೇರಿಸಿ ರಾಜಮಾರ್ಗ ಎಳೆದುಬಿಟ್ಟ. ರಘು ನಕ್ಕು, ಎರಡೂ ತುದಿಯಲ್ಲಿ ರಸ್ತೆಯಿದ್ದು ನಡುವೆ ಹುರುಳಿಯ ಹಾಸು ಬಂದರೆ ಮಾತ್ರ ಅದೂ ರಸ್ತೆ ಎಂಬ ನಿಯಮವೊಂದನ್ನು ಸೇರಿಸಿದ. ಮೊದಲೇ ಹೇಳಬಾರದಿತ್ತೇ ಮೇಷ್ಟ್ರೆ ಎಂದೂ ಕೇಳಿದ. ಹೊಸ ಹಾಳೆಯಲ್ಲಿ ಆ ಊರಿನ ರಸ್ತೆ ಅಖಂಡವಾಗಿತ್ತು.

ಅದನ್ನು ಸುರುಳಿ ಸುತ್ತಿಕೊಂಡು ಹೋಗಿ ಅವರ ಜಗುಲಿಯ ಮೇಲೆ ಹರಡಿದೆ. ಜಯಮ್ಮ ತಮ್ಮ ಮನೆ ಎಲ್ಲಿದೆಯೆಂದು ಕೇಳಲಿಲ್ಲ. ಕಾಲೇಜು ಎಲ್ಲಿದೆ, ಬಸ್ಸು ಇಳಿದು ಅಲ್ಲಿಗೆ ಎಷ್ಟು ನಡೆಯಬೇಕು, ದಾರಿಯಲ್ಲಿ ಮನೆಗಳಿವೆಯೇ ಎಂದು ಕೇಳಿದರು. ಚನ್ನರಾಯಪಟ್ಟಣ ಆ ಹಾಳೆಯಲ್ಲಿ ಇರಲಿಲ್ಲ. ಹಾಳೆಯ ಆಚೆ ಜಗುಲಿಯ ಕಲ್ಲಿನ ಮೇಲೆ ಬೆರಳಿಟ್ಟು ಇಲ್ಲಿ ಎಂದು ತೋರಿಸಿದೆ. ಅವರು ಹಾಳೆಯ ಮೇಲಿನ ಊರಿನಿಂದ ಆ ಕಲ್ಲಿನವರೆಗೆ ತಮ್ಮ ಬೆರಳು ಎಳೆದು ನೋಡಿದರು.

“ಬಸ್ಸು ನಿಲ್ಲಾಕಿಲ್ಲ ತಾನೆ ಸಾ?”

ಈ ಜನ್ಮದಲ್ಲಿ ನಾನು ‘ಬಹುಶಃ’ ಸೇರಿಸದೆ ಯಾರಿಗೂ ಉತ್ತರ ಕೊಟ್ಟವನಲ್ಲ. ಬಸ್ಸಿನ ವಿಷಯ ಯಾರು ತೀರ್ಮಾನಿಸುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆದರೂ “ನಿಲ್ಲಲ್ಲ” ಎಂದೆ, ನನ್ನ ಕಂಪ್ಯೂಟರಿನ ಠೀವಿಯಲ್ಲೇ. ಸವಿತ ಮಾರನೆಯ ದಿನದಿಂದ ಮತ್ತೆ ಮುಂದಿನ ಬೆಂಚಿನಲ್ಲಿ ಕುಳಿತಳು.

ಅಂದಿನಿಂದ ನನಗೆ ಹೊಸದೊಂದು ರೋಗ ಅಂಟಿಕೊಂಡಿತು. ಪೇಪರು ಕೊಳ್ಳುವ ನೆಪದಲ್ಲಿ ದಿನಾ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಹೋಗಿ, ಆ ಬಸ್ಸು ಬಂದು ಅವಳು ಇಳಿಯುವವರೆಗೆ ಒಂದೇ ಸುದ್ದಿಯನ್ನು ಓದುತ್ತ ನಿಲ್ಲುತ್ತಿದ್ದೆ. ಬಸ್ಸು ತಡವಾದರೆ ನನ್ನ ‘ನಿಲ್ಲಲ್ಲ’ ಎಂಬ ಮಾತೇ ಎದೆಯ ಮೇಲೆ ಬಂದು ಕೂರುತ್ತಿತ್ತು. ಹಾಗೆ ಒಂದು ದಿನ, ಅವಳ ಕೊನೆಯ ವರ್ಷದ ಪರೀಕ್ಷೆ ಶುರುವಾದ ದಿನ, ಬಸ್ಸು ಬರಲೇ ಇಲ್ಲ. ಹೊತ್ತು ಮೀರಿತು. ಅಷ್ಟರಲ್ಲಿ ಎದುರಿಗೆ ಹಾಲಿನ ವ್ಯಾನೊಂದು ನಿಂತು, ಅದರ ಮುಂದಿನ ಸೀಟಿನಿಂದ ಸವಿತ ಇಳಿದಳು.

“ಬಸ್ಸು ಕೆಟ್ಟು ನಿಂತದೆ ಸಾ. ಅವ್ವನೇ ದೊಡ್ ರಸ್ತೆಗಂಟ ಜೊತೇಲಿ ನಡ್ಕಂಡ್ ಬಂದು, ವ್ಯಾನಿಗ್ ಕೈ ಅಡ್ಡ ಆಕಿ ಅತ್ತುಸ್ಬುಟ್ಲು.”

ನಾಳೆಯೂ ಬಸ್ಸು ಬರದಿದ್ದರೆ ಏನು ಗತಿ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಹೊತ್ತಾಯಿತು, ನಡಿ ಎಂದೆ.