ಅಪ್ಪನ ಮುಂದೆ ಬಡಿಯದ ತಮಟೆ

ಮೇಘಾ, ಅಜ್ಜನಿಗೆ ತಮಟೆ ಇಷ್ಟವಿರಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ತನ್ನ ಹೆಣದ ಮುಂದೆ ಮೊಮ್ಮಗಳಾದ ನೀನೇ ತಮಟೆ ಬಡಿಯಬೇಕು ಎಂದು ಅಪ್ಪ ಕೇಳಿದ್ದ. ನನ್ನನ್ನೇ ಕೇಳಿದ್ದ. ಇಷ್ಟು ವರ್ಷ ಅದನ್ನು ನುಂಗಿಕೊಂಡು ಕೂತಿದ್ದೇನೆ.

ಆಸ್ಪತ್ರೆಯಿಂದ ಜಾನ್ಸ್ ಕ್ರೀಕ್‌ನ ನಮ್ಮ ಮನೆಗೆ ಕರೆತಂದಿದ್ದೆವಲ್ಲ, ಆಗ. ನಾನು ಗಂಜಿ ಕುಡಿಸುತ್ತಿದ್ದೆ. ಲೋಟ ಪಕ್ಕಕ್ಕೆ ಸರಿಸಿ ಅಂದ — "ಊರಲ್ಲಿ ಸತ್ತೋರ ಮುಂದೆಲ್ಲ ನಾನ್ ಬಡ್ದಿವ್ನಿ. ಹೇಳ್ ಕಳಿಸ್ತಿದ್ರು, ಹೋಗ್ಬೇಕಿತ್ತು. ನನ್ ಮುಂದೆ ಕೂಸು ಬಡೀಲಿ ಕಣಪ್ಪ. ಯಾರೂ ಹೇಳ್ ಕಳಿಸ್ದಂಗೆ ಒಬ್ರು ಬಡೀಲಿ."

ಆಯ್ತಪ್ಪ ಅಂದೆ. ಅಂದೆ, ಅಷ್ಟೇ.

ಸಾವಿನ ಮನೆಯಿಂದ ಕರೆ ಬಂದರೆ ಅಪ್ಪ ಉಣ್ಣುವ ತಟ್ಟೆ ಬಿಟ್ಟು ಏಳಬೇಕಿತ್ತು. ನಮ್ಮ ಜಾತಿಗೆ ಊರು ಹೊರಿಸಿದ್ದ ಕೆಲಸ ಅದು. ಹೆಣದ ಮುಂದೆ ನಡೆಯಬಹುದು, ಆ ಮನೆಯ ಜಗಲಿ ಹತ್ತುವಂತಿಲ್ಲ. ನಮ್ಮ ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು — ಅದನ್ನು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಯಾವ ಕೇರಿ ಎಂದು ಮಾತ್ರ ಇಲ್ಲಿ ಅಮೆರಿಕದಲ್ಲಿ ಯಾರಿಗೂ ಹೇಳಿರಲಿಲ್ಲ. ಅಪ್ಪ ಊರಿಂದ ಪಂಚೆಯಲ್ಲಿ ಸುತ್ತಿ ತಂದಿದ್ದ ತಮಟೆಯನ್ನು ನೀನೂ ಅವನೂ ಹಿತ್ತಿಲ ಇದ್ದಿಲು ಗ್ರಿಲ್‌ನ ಬಿಸಿಗೆ ಹಿಡಿದು, ಚರ್ಮ ಬಿಗಿಯಾದ ಮೇಲೆ ಒಳಗೆ ತಂದು ಬಡಿಯುತ್ತಿದ್ದಿರಿ. ಎಸಿ ಹಾಕಿದ್ದೀನಿ ಎಂದು ನಾನು ಕಿಟಕಿ ಮುಚ್ಚುತ್ತಿದ್ದೆ. ಎಸಿಗಲ್ಲ. ಎದುರು ಮನೆಯ ಮೈಸೂರಿನವರಿಗೆ ಕೇಳಬಾರದು ಎಂದು.

ಅಪ್ಪ ಹೋದ ಮೇಲೆ ಪುರೋಹಿತರು ಬೇಡ ಅಂದೆ. ಗೋತ್ರ ಕೇಳುತ್ತಾರೆ. ಹೊರಗೆ ಮಾತ್ರ, ನಮಗೆ ಶಾಸ್ತ್ರದಲ್ಲಿ ನಂಬಿಕೆ ಇಲ್ಲ ಎಂದು ದೊಡ್ಡದಾಗಿ ಹೇಳಿಕೊಂಡೆ. ಸೆಲೆಬ್ರಂಟ್ ಒಬ್ಬಾಕೆಯನ್ನು ಗೊತ್ತು ಮಾಡಿದೆ — ಸತ್ತವರ ಬದುಕಿನ ಕಥೆ ಕೇಳಿ, ಅವರಿಗೆ ಒಪ್ಪುವ ಹಾಗೆ ವಿದಾಯದ ಸಭೆ ನಡೆಸಿಕೊಡುವಾಕೆ. ಜಾತಿ ಕೇಳಬೇಕೆಂಬುದೇ ಆಕೆಗೆ ಗೊತ್ತಿಲ್ಲ. ನನಗೆ ಬೇಕಿದ್ದದ್ದು ಅದೇ.

ಆಕೆ ಅದಕ್ಕಿಂತ ಕಷ್ಟದ್ದನ್ನು ಕೇಳಿದಳು. ಅವರನ್ನು ನೆನೆದರೆ ಕಿವಿಗೆ ಯಾವ ಸದ್ದು ಬರುತ್ತದೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಬೆರಳು ಟೇಬಲ್ ಮೇಲೆ ಓಡಿತು.

"ಅಜ್ಜಂದು ಡ್ರಮ್," ಅಂದೆ ನೀನು. "ಐ ಕ್ಯಾನ್ ಪ್ಲೇ ಇಟ್ ಫಾರ್ ಹಿಮ್."

ಆಕೆಯ ಮುಖ ಅರಳಿತು. ನನ್ನ ಕಣ್ಣಿಗೆ ಕಂಡದ್ದೇ ಬೇರೆ — ಹಾಲ್ ತುಂಬ ನಮ್ಮ ಕನ್ನಡದವರು, ಮೊದಲ ಏಟಿಗೇ ಒಬ್ಬರ ಮುಖ ಒಬ್ಬರು ನೋಡುವುದು. ಆಕೆಗೆ ಅದು ಬರೀ ಡ್ರಮ್. ಅವರಿಗೆ —

"ಬೇಡ," ಅಂದೆ. "ಅಪ್ಪನಿಗೆ ಅದು ಇಷ್ಟವಿರಲಿಲ್ಲ. ನನ್ನ ಹತ್ತಿರ ಹೇಳಿದ್ದರು."

ಇಂಗ್ಲಿಷಿನಲ್ಲಿ ಎಷ್ಟು ಸಲೀಸಾಗಿ ಬಂತು. ಹೋದವರ ಇಷ್ಟವೇ ಮುಖ್ಯ ಎಂದು ಆಕೆ ನಿನಗೆ ಮೆಲ್ಲಗೆ ಹೇಳಿದಳು. ನಿನ್ನ ಬೆರಳು ನಿಂತಿತು.

ಸಭೆಯಲ್ಲಿ ಕೊಳಲು ಹಾಕಿಸಿದೆ. ಅಪ್ಪ ಯಾವತ್ತಾದರೂ ಕೂತು ಕೊಳಲು ಕೇಳಿದ್ದನೋ ಇಲ್ಲವೋ. ಎದುರು ಮನೆಯವರು ಬಂದು, ಎಷ್ಟು ಡೀಸೆಂಟಾಗಿ ಮಾಡಿದಿರಿ ಸರ್ ಎಂದರು. ನನಗೆ ನಿರಾಳವಾಯಿತು, ಮೇಘಾ. ಆ ನಿರಾಳವೇ ಇವತ್ತು ಅಸಹ್ಯ.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ನೀನು ಕೇಳಿದೆ: "ಅಜ್ಜ ನಂಗೋಸ್ಕರ ಸುಮ್ನೆ ಇಷ್ಟ ಅಂತ ಹೇಳಿದ್ರಾ, ಪಪ್ಪಾ?"

ಹೂಂ ಅಂದೆ.

ಅವತ್ತಿನಿಂದ ನೀನು ತಮಟೆ ಮುಟ್ಟಲಿಲ್ಲ. ನಾನು ಅವಮಾನದ ವಾದ್ಯವನ್ನು ದೂರ ಇಟ್ಟೆ, ಅದು ಸ್ವಾಭಿಮಾನ — ಎಂದು ನನಗೆ ನಾನೇ ಹೇಳಿಕೊಂಡದ್ದುಂಟು. ಅಲ್ಲ. ಅದರ ಅವಮಾನ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಕೈಗೆ ಕೊಟ್ಟ. ನಾನು ಹೆದರಿದೆ.

ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿನಗೆ ಕನ್ನಡ ಓದಲು ಬರುವುದಿಲ್ಲ — ಅದಕ್ಕೇ ಬರೆದೆನೋ ಏನೋ, ಇಲ್ಲೂ ಅವಿತುಕೊಳ್ಳಲು ಜಾಗ ಹುಡುಕಿ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ರಾಲಿಯ ಕಾಲೇಜಿನಿಂದ ಬರುತ್ತೀಯಲ್ಲ, ಎದುರು ಕೂರಿಸಿಕೊಂಡು ನಾನೇ ಗಟ್ಟಿಯಾಗಿ ಓದಿ ಹೇಳುತ್ತೇನೆ. ತಮಟೆ ಗರಾಜಿನಲ್ಲಿದೆ. ಮುಟ್ಟುವುದು ಬಿಡುವುದು ನಿನಗೆ ಬಿಟ್ಟದ್ದು. ಬಡಿ ಎಂದು ಹೇಳಿ ಕಳಿಸುವವರು ಈ ಮನೆಯಲ್ಲಿ ಯಾರೂ ಇಲ್ಲ. ಕಿಟಕಿ ತೆರೆದೇ ಇರುತ್ತದೆ.