ದೊಡ್ಡಪ್ಪನ ಜೀಪಿಗೆ ಬೇರೆ ಹೆಡ್ಡು

ಆಗೆಲ್ಲ ದೇವಾಪುರದ ಮಗ್ಗುಲಿನ ನಮ್ಮ ಹಳ್ಳಿಯಲ್ಲಿ ಏಳನೇ ತರಗತಿ ಮುಗಿದರೆ ಗಂಡು ಹುಡುಗರು ಸುರಪುರದ ಬಸ್ಸು ಹತ್ತುತ್ತಿದ್ದರು, ಹುಡುಗಿಯರು ಒಲೆಯ ಮುಂದೆ ಕೂಡುತ್ತಿದ್ದರು. ನಾನು ಮುಂದೆ ಓದಿದ್ದು ದೊಡ್ಡಪ್ಪನ ಜೀಪಿನ ಪುಣ್ಯದಿಂದ. ದೊಡ್ಡಪ್ಪ ದಿನಾ ಅದರಲ್ಲಿ ಮಂದಿಯನ್ನು ಸುರಪುರಕ್ಕೆ ಒಯ್ದು ತರುತ್ತಿದ್ದ. ಅಪ್ಪನದು ಒಂದೇ ಕರಾರು: ಮಗಳು ಅಣ್ಣನ ಗಾಡಿಯಲ್ಲಿ ಹೋಗಬೇಕು, ಅಣ್ಣನ ಗಾಡಿಯಲ್ಲೇ ಬರಬೇಕು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ದಸರಾ ರಜೆ ಶುರುವಾಗುವ ಹೊತ್ತಿಗೇ ಜೀಪು ಕೈಕೊಟ್ಟಿತು. ಹಾದಿಯಲ್ಲಿ ನೀರು ಕಾದು ಕುದಿದು, ಇಂಜಿನ್ನಿನ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂಡುವ ಹೆಡ್ಡು ಸೀಳಿತ್ತು. ಶಹಾಪುರದಿಂದ ಖಾಜಾ ಮಿಸ್ತ್ರಿ ಬಂದು ನಮ್ಮ ಅಂಗಳದಲ್ಲೇ ಅದನ್ನು ಬಿಚ್ಚಿದ. ಮನೆಯಲ್ಲಿ ರೊಟ್ಟಿಯ ವಾಸನೆಗಿಂತ ಡೀಸೆಲ್ ವಾಸನೆಯೇ ಮೇಲಾಯಿತು. ನನಗೆ ಸಿಕ್ಕ ಲಾಭವೆಂದರೆ ಒಂದು ಹಳೆಯ ವಾಶರ್. ಅದರ ಹಾಗೆ ಜಾರುವ ಕುಂಟಬಿಲ್ಲೆ ಓಣಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

"ಈ ಮಾಡೆಲ್ಲಿನ ಹೆಡ್ಡು ಈಗ ಎಲ್ಲೂ ಸಿಗಂಗಿಲ್ರಿ," ಎಂದ ಮಿಸ್ತ್ರಿ. "ಇದರ ಮುಂದಿನ ಮಾಡೆಲ್‌ದು ಯಾದಗಿರಿ ಗುಜರಿ ಅಂಗಡ್ಯಾಗ ಸಿಗ್ತದ. ಬೋಲ್ಟಿನ ತೂತು ಹೊಂದಿದ್ರ ಸಾಕು, ಉಳಿದಿದ್ದು ನಾ ಕುಂದರಸ್ತೀನಿ. ಬ್ಲಾಕಿಂದು ಕಾಗದದ ಮ್ಯಾಲ ಅಚ್ಚು ತಕ್ಕೊಂಡು ಹೋಗ್ರಿ."

ಮಿಸ್ತ್ರಿ ಹೋದ ಮೇಲೆ ದೊಡ್ಡಪ್ಪ ನನ್ನ ಪುಸ್ತಕದ ಹೊದಿಕೆಯ ಖಾಕಿ ಕಾಗದವನ್ನು ಬ್ಲಾಕಿನ ಮೇಲೆ ಹಾಸಿ, ಎಣ್ಣೆ ಬೆರಳಿನಿಂದ ಒತ್ತಿ ಒತ್ತಿ ಉಜ್ಜಿದ. ತೂತಿದ್ದಲ್ಲೆಲ್ಲ ದುಂಡನೆ ಗುರುತು ಮೂಡಿತು. ಅದನ್ನು ಸುರುಳಿ ಸುತ್ತಿ ಯಾದಗಿರಿಗೆ ಹೋಗಿ ಸಂಜೆ ಬರಿಗೈಲಿ ಬಂದ. ಎರಡು ದಿನ ಬಿಟ್ಟು ಇನ್ನೊಂದು ಅಂಗಡಿಗೆ ಹೋದ. ಆಗಲೂ ಅದೇ ಕಥೆ.

"ಅಂಗಡಿಯವ ಇದು ಕುಂದರ್ತದ ಅಂತಾನ," ಎಂದು ಅಪ್ಪನಿಗೆ ಹೇಳಿದ. "ಅವನ ಮಾತು ಯಾರು ಕೇಳ್ತಾರ? ಅಚ್ಚು ಇಟ್ಟು ನೋಡಿದೆ. ಒಂದು ತೂತೂ ಹೊಂದವಲ್ದು."

ಅಪ್ಪ ತಂಬಾಕು ತಿಕ್ಕುತ್ತ, "ಶಾಲಿ ತೆರೆಯೋದ್ರಾಗ ಗಾಡಿ ಆದ್ರ ಸರಿ. ಇಲ್ಲಂದ್ರ ಆಕಿ ಓದಿದ್ದು ಸಾಕು," ಎಂದ. ಸಿಟ್ಟಿನಿಂದ ಹೇಳಿದ್ದರೆ ಅತ್ತು ಕರೆದು ಬದಲಾಯಿಸಬಹುದಿತ್ತು. ಅಪ್ಪ ನಾಳೆ ಎತ್ತು ತೊಳೆಯಬೇಕು ಅನ್ನುವ ದನಿಯಲ್ಲಿ ಹೇಳಿದ್ದ. ನಾನು ಅಂದು ನನ್ನ ಮೆಚ್ಚಿನ ಪುಂಡಿಪಲ್ಯ ಬಡಿಸಿದರೂ ಉಣ್ಣಲಿಲ್ಲ.

ಈ ಮಾತೆಲ್ಲ ಒಳಗೆ ಕುಬಸ ಹೊಲಿಯುತ್ತ ಕೂತಿದ್ದ ಅವ್ವನ ಕಿವಿಗೆ ಬಿದ್ದಿತ್ತು. ಆದರೆ ಆಗ ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಣ್ಣುಮಕ್ಕಳು ಬಂದು ನಿಲ್ಲುತ್ತಿರಲಿಲ್ಲ, ನೇರವಾಗಿ ಮಾತಾಡುವುದಂತೂ ಇಲ್ಲವೇ ಇಲ್ಲ. ಒಂದೇ ಮನೆಯಲ್ಲಿ ವರ್ಷಗಟ್ಟಲೆ ಇದ್ದರೂ ಅವ್ವನ ಮಾತು ದೊಡ್ಡಪ್ಪನಿಗೆ ನನ್ನ ಬಾಯಿಂದಲೇ ಮುಟ್ಟಬೇಕು. ಉಣ್ಣಲು ಕರೆಯುವುದರಿಂದ ಹಿಡಿದು ಜ್ವರದ ಗುಳಿಗೆ ತರಿಸುವವರೆಗೆ ನಾನೇ ಮನೆಯ ಟಪಾಲು.

ಮರುದಿನ ಅವ್ವ ನನ್ನನ್ನು ಕರೆದು, "ಆ ಕಾಗದ ನಮ್ಮ ಒಡದ ಹೆಡ್ಡಿನ ಮ್ಯಾಲಽ ಇಟ್ಟು ನೋಡ್ರಿ ಅಂತ ನಿಮ್ಮ ದೊಡ್ಡಪ್ಪಗ ಹೇಳು," ಎಂದಳು.

ಹೇಳಿದೆ. ದೊಡ್ಡಪ್ಪ ನಕ್ಕ. "ಅದು ಇದಽ ಬ್ಲಾಕಿನ ಹೆಡ್ಡು. ಹೊಂದದಽ ಏನಾಗ್ತದ?" ಆದರೂ ಸೀಳಿದ ಹೆಡ್ಡನ್ನು ಬೋರಲು ಹಾಕಿ, ಗುರುತು ಮೇಲೆ ಕಾಣುವ ಹಾಗೆ ಕಾಗದ ಇಟ್ಟ. ಹೊಂದಲಿಲ್ಲ. ಇಷ್ಟು ವರ್ಷ ಒಂದರ ಮೇಲೊಂದು ಕೂತು ಓಡಿದ್ದ ಎರಡು ಕಬ್ಬಿಣ, ಈಗ ಒಂದಕ್ಕೊಂದು ಗುರುತೇ ಇಲ್ಲ ಅನ್ನುತ್ತಿದ್ದವು. ದೊಡ್ಡಪ್ಪನ ನಗು ನಿಂತಿತು.

ಒಳಗಿಂದ ಅವ್ವ ಪಿಸುಗುಟ್ಟಿದಳು: "ಕಾಗದ ತಿರುವಬೇಕಂತ ಹೇಳು."

"ತಿರುವಬೇಕಂತ ದೊಡ್ಡಪ್ಪ."

ದೊಡ್ಡಪ್ಪ ಕಾಗದವನ್ನು ಅಡ್ಡ ತಿರುಗಿಸಿದ. ಆಮೇಲೆ ಉದ್ದ ತಿರುಗಿಸಿದ. ಅವ್ವ ಮತ್ತೆ ಏನೋ ಹೇಳಿದಳು, ನನಗೇ ತಿಳಿಯಲಿಲ್ಲ, ತಿಳಿಯದ್ದನ್ನು ಹೇಗೆ ಮುಟ್ಟಿಸಲಿ? ನಾನು ಬಾಗಿಲಿಗೂ ಅಂಗಳಕ್ಕೂ ಓಡಾಡಿ ಓಡಾಡಿ ಕೊನೆಗೆ ಅಳತೊಡಗಿದೆ.

ಅವ್ವ ಹೊರಗೆ ಬಂದಳು. ಸೆರಗು ಹಣೆಯ ತನಕ ಇತ್ತು. ದೊಡ್ಡಪ್ಪನ ಕೈಯಿಂದ ಕಾಗದ ತೆಗೆದುಕೊಂಡು, ಗುರುತು ಕೆಳಗಾಗುವಂತೆ ಮಗುಚಿ ಹೆಡ್ಡಿನ ಮೇಲೆ ಹಾಸಿದಳು. ಎಣ್ಣೆ ಕಾಗದದ ಆಚೆಗೂ ಇಳಿದಿತ್ತಲ್ಲ, ಒಂದೊಂದು ಗುರುತೂ ಒಂದೊಂದು ತೂತಿನ ಮೇಲೆ ಬಂದು ಕೂತಿತು.

"ಕುಬಸದ ಎರಡೂ ತೋಳು ಎಡಗೈಗೇ ಕತ್ತರಿಸಿದಂಗ ಆಗಿತ್ರಿ," ಎಂದಳು ನೆಲ ನೋಡುತ್ತ. "ಮುಖಕ್ಕ ಮುಖ ಹಚ್ಚಬೇಕು."

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅಪ್ಪ ಏನೋ ಅನ್ನಲು ಬಾಯಿ ತೆರೆದ. ದೊಡ್ಡಪ್ಪ ಕೈಯೆತ್ತಿ ಅವನನ್ನು ತಡೆದ. ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ನೋಡಿ, "ಹೌದ್ ನೋಡವಾ," ಎಂದ. ನನಗೆ ಗೊತ್ತಿದ್ದಂತೆ ಅವನು ಅವ್ವನಿಗೆ ಆಡಿದ ಮೊದಲ ಮಾತು ಅದು.

ಮರುದಿನವೇ ಯಾದಗಿರಿಯಿಂದ ಹೆಡ್ಡು ಬಂತು, ಅವನು ಬೇಡವೆಂದು ಬಿಟ್ಟುಬಂದಿದ್ದೇ. ಬೋಲ್ಟಿನ ತೂತೆಲ್ಲ ಹೊಂದಿದವು. ನೀರಿನ ದಾರಿ ಒಂದು ಮಾತ್ರ ಬೆರಳಗಲ ಆಚೆ ಇತ್ತು. ಖಾಜಾ ಮಿಸ್ತ್ರಿ ಅದಕ್ಕೆ ಹಿತ್ತಾಳೆಯ ಬಿರಡೆ ಬಡಿದು ಮುಚ್ಚಿ, ಬ್ಲಾಕಿಗೆ ಸರಿಯಾಗಿ ಹೊಸ ತೂತು ಕೊರೆಸಿ, ನಡುವಿನ ಗ್ಯಾಸ್ಕೆಟ್ಟನ್ನು ತಾನೇ ಕತ್ತರಿಸಿ ಕೂಡಿಸಿದ. ಶಾಲೆ ತೆರೆಯುವ ಹಿಂದಿನ ದಿನ ಇಂಜಿನ್ನು ಕೆಮ್ಮಿ, ಕಪ್ಪು ಹೊಗೆ ಕಾರಿ ಶುರುವಾಯಿತು. ಅಷ್ಟು ಚಂದದ ಸಪ್ಪಳ ನಾನು ಇವತ್ತಿನವರೆಗೂ ಕೇಳಿಲ್ಲ.

ಮುಂಜಾನೆ ದೊಡ್ಡಪ್ಪ ಅಪ್ಪನಿಗೆ ಹೇಳಿದ: "ತಮ್ಮಾ, ಆಕಿ ಅವ್ವನ್ನ ಮುಂದ ಕುಂದರಸು. ಎಲ್ಲಿಗೆ ಹೋಗ್ತದ ಈ ಗಾಡಿ, ಆಕೀನೂ ನೋಡಲಿ." ಅವ್ವ ಅಂದು ಮೊದಲ ಸಲ ನನ್ನ ಶಾಲೆ ನೋಡಿದಳು. ಗೇಟಿನ ಹೊರಗೇ ನಿಂತು, "ನಿನ್ನ ಖೋಲಿ ಯಾವುದು?" ಎಂದು ಕೇಳಿ, ನಾನು ತೋರಿಸಿದ ಕಡೆ ನೋಡುತ್ತ ಗಂಟೆ ಬಾರಿಸುವವರೆಗೂ ನಿಂತಿದ್ದಳು.

ಅವ್ವ, ದೊಡ್ಡಪ್ಪ ಇಬ್ಬರೂ ಈಗಿಲ್ಲ. ಜೀಪೂ ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಈಗ ನಮ್ಮೂರ ಹುಡುಗಿಯರು ಬಸ್ಸಿನಲ್ಲಿ ಗದ್ದಲ ಮಾಡುತ್ತ ಸುರಪುರಕ್ಕೆ ಹೋಗುತ್ತಾರೆ, ಮನೆಯ ಸೊಸೆಯರು ಎಲ್ಲರೆದುರು ಎಲ್ಲ ಮಾತಾಡುತ್ತಾರೆ. ಆ ಹಳೆಯ ಕಟ್ಟಳೆ ತೊಲಗಿದ್ದು ಒಳ್ಳೆಯದೇ, ಅದಕ್ಕಾಗಿ ನನಗೆ ಒಂದಿಷ್ಟೂ ಮರುಕವಿಲ್ಲ. ಅದನ್ನು ನನಗಾಗಿ ಮುರಿದವಳು ಮತ್ತು ಮುರಿದದ್ದನ್ನು ಮಾನದಿಂದ ಒಪ್ಪಿದವನು ಇಲ್ಲವಲ್ಲ, ಕೊರತೆ ಅದೊಂದೇ. ಎಷ್ಟು ನೆನೆದರೂ ಅವರ ಋಣ ತೀರುವುದಿಲ್ಲ. ಅಂದು ಅವ್ವ ಬಾಗಿಲ ಒಳಗೇ ಉಳಿದಿದ್ದರೆ, ನಾನೂ ಒಳಗೇ ಉಳಿಯುತ್ತಿದ್ದೆ.